ಮತ

ಸಂಸ್ಕೃತದ ‘ಮನ್’ (ಎಣಿಸು, ಚಿಂತಿಸು) ಧಾತುವಿನಿಂದ ನಿಷ್ಪನ್ನವಾದ ‘ಮತ’ ಶಬ್ದಕ್ಕೆ ‘ಎಣಿಸಲ್ಪಟ್ಟುದು’, ಅರ್ಥಾತ್ ಒಬ್ಬನ ಅಭಿಪ್ರಾಯವೆಂಬುದೇ ಮೂಲಾರ್ಥ. ಅಭಿಮತ, ಸಮ್ಮತ, ಮತದಾನಗಳಲ್ಲಿ ಅದು ಇಂದಿಗೂ ಉಳಿದಿದೆ. ಆಚಾರ್ಯರ ಅಭಿಪ್ರಾಯವು ಸಿದ್ಧಾಂತವಾಗಿ, ಅದನ್ನನುಸರಿಸಿದ ಶಿಷ್ಯಪರಂಪರೆಗೆ ಮಠ, ಆಚಾರ, ಲಾಂಛನಗಳು ಒದಗಿದಂತೆ, ಮಾಧ್ವಮತ, ವೀರಶೈವಮತವೆಂಬ ಪ್ರಯೋಗಗಳಲ್ಲಿ ಅದೇ ಶಬ್ದವು ಸಮುದಾಯವನ್ನೂ ಸೂಚಿಸತೊಡಗಿತು; ಮತಸ್ಥ, ಮತಾಂತರಗಳು ಈ ಅರ್ಥದ ಸಂತತಿ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು 25ನೆಯ ಅನುಚ್ಛೇದದಲ್ಲಿ ವ್ಯಕ್ತಿಯ ಅಂತಃಸಾಕ್ಷಿಗೂ, 26ನೆಯದರಲ್ಲಿ ಮತಪಂಥಗಳಿಗೂ ಬೇರೆ ಬೇರೆಯಾಗಿ ಸ್ವಾತಂತ್ರ್ಯವನ್ನಿತ್ತು ಎರಡನ್ನೂ ಗೌರವಿಸಿದೆ. ದೇವರನ್ನು ಕುರಿತು ತಾನೇ ಚಿಂತಿಸಿ ನಿಶ್ಚಯಿಸಿಕೊಂಡ ನಂಬುಗೆಯುಳ್ಳವನು, ಯಾವ ಪಂಥಕ್ಕೂ ಸೇರದಿದ್ದರೂ, ಮೂಲಾರ್ಥದಲ್ಲಿ ಮತವುಳ್ಳವನೇ. ಆದುದರಿಂದ ಅಂಥವನನ್ನು ಮತಹೀನನೆಂದು ಕರೆಯುವುದು ಸಲ್ಲದು.