ಆಟದ ಪೆಟ್ಟಿಗೆಯೊಳಗಿನ ಹಳೆಯ ಟಿವಿ

ನಾಣ್ಯ ಹಾಕಿ, ನಿಂತು ಆಡುವ ವಿಡಿಯೊ ಗೇಮ್ ಪೆಟ್ಟಿಗೆ ಟಿವಿಯ ಹತ್ತಿರದ ಬಂಧು. 1972ರಲ್ಲಿ ಅಮೆರಿಕದ ಅಟಾರಿ ಕಂಪನಿಯ ಎಂಜಿನಿಯರ್ ಅಲ್ ಆಲ್ಕಾರ್ನ್ ‘ಪಾಂಗ್’ ಆಟದ ಮೊದಲ ಮಾದರಿ ಕಟ್ಟುವಾಗ ಅಂಗಡಿಯಿಂದ ಹಿಟಾಚಿ ಕಪ್ಪು-ಬಿಳುಪು ಟಿವಿ ತಂದು ಮರದ ಪೆಟ್ಟಿಗೆಯಲ್ಲಿ ಕೂರಿಸಿದರು. ಪ್ರಯೋಗಕ್ಕೆಂದು ಮದ್ಯದಂಗಡಿಯಲ್ಲಿಟ್ಟ ಆ ಯಂತ್ರ ಕೆಲವೇ ದಿನಗಳಲ್ಲಿ ಕೆಟ್ಟಿತು. ತೆರೆದು ನೋಡಿದರೆ ನಾಣ್ಯದ ಡಬ್ಬಿ ತುಂಬಿ ತುಳುಕುತ್ತಿತ್ತು! ಮುಂದೆ ಟಿವಿಯ ಜಾಗಕ್ಕೆ ಮಾನಿಟರ್ ಬಂದರೂ ಒಳಗಿದ್ದದ್ದು ಅದೇ ಗಾಜಿನ ಪಿಕ್ಚರ್ ಟ್ಯೂಬು.

ಹಾಗಾಗಿ ದಾವಣಗೆರೆಯ ಯಾವುದೋ ಗೋದಾಮಿನಲ್ಲಿ ಇಂಥ ಪೆಟ್ಟಿಗೆಯೊಂದು ಸಿಕ್ಕಿತೆನ್ನಿ, ಅದಕ್ಕೆ ಜೀವ ತುಂಬಲು ಹುಡುಕಬೇಕಾದದ್ದು ಕಂಪ್ಯೂಟರ್ ಪಂಡಿತರನ್ನಲ್ಲ, ಹಳೆಯ ಟಿವಿ ಮೆಕ್ಯಾನಿಕ್‌ಗಳನ್ನು. ಬೆಂಗಳೂರು ದೂರದರ್ಶನ ಆರಂಭವಾದದ್ದು 1981ರ ನವೆಂಬರ್ 1ರಂದು; ಮರುವರ್ಷ ದೇಶಕ್ಕೆ ಬಣ್ಣದ ಪ್ರಸಾರ ಬಂತು. ಟಿವಿ ಮನೆಮನೆಗೆ ಬಂದಂತೆ ರಿಪೇರಿ ಅಂಗಡಿಗಳೂ ಬಂದವು. ಹರಿಹರಕ್ಕಂತೂ ಯಂತ್ರಗಳ ಸಹವಾಸ ಅದಕ್ಕೂ ಹಳೆಯದು; 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಅಲ್ಲಿ ಲೇತ್‌ಗಳನ್ನು ತಯಾರಿಸುತ್ತಿತ್ತು.

ರೋಗಲಕ್ಷಣಗಳು ಆ ಕಾಲದಲ್ಲಿ ಟಿವಿ ನೋಡಿದವರಿಗೆಲ್ಲ ಪರಿಚಿತವೇ. ಚಿತ್ರ ಮೇಲಕ್ಕೋ ಕೆಳಕ್ಕೋ ಉರುಳುತ್ತಿದೆಯೇ? ‘ವರ್ಟಿಕಲ್ ಹೋಲ್ಡ್’ ಗುಬುಟು ತಿರುಗಿಸಿದ ನೆನಪಿದ್ದರೆ ಸಾಕು. ನಮ್ಮ ಟಿವಿಯಲ್ಲಿ ಕಿರಣ ಸೆಕೆಂಡಿಗೆ 50 ಸಲ ಮೇಲಿನಿಂದ ಕೆಳಗಿಳಿದರೆ, ಜಪಾನ್ ಮತ್ತು ಅಮೆರಿಕದ ಆಟಗಳಲ್ಲಿ ಸುಮಾರು 60 ಸಲ. ಆದರೆ ಅಡ್ಡಗೆರೆಗಳ ವೇಗ ಬಹುತೇಕ ಒಂದೇ: ಇಲ್ಲಿ ಸೆಕೆಂಡಿಗೆ 15,625, ಅಲ್ಲಿ 15,750ರ ಆಸುಪಾಸು. ನಮ್ಮ ಮೆಕ್ಯಾನಿಕ್‌ನ ವಿದ್ಯೆ ಅಲ್ಲಿಗೂ ಸಲ್ಲುವುದು ಇದರಿಂದಲೇ. ಚಿತ್ರ ನಾಲ್ಕೂ ಕಡೆ ಕುಗ್ಗಿದ್ದರೆ ಮೊದಲ ಅನುಮಾನ ವೋಲ್ಟೇಜ್ ಮೇಲೆ. ಸ್ಟೆಬಿಲೈಸರ್ ಇಟ್ಟುಕೊಂಡು ಕ್ರಿಕೆಟ್ ನೋಡಿದ ನಮಗೆ ಇದನ್ನು ಹೇಳಿಕೊಡಬೇಕಿಲ್ಲ. ಎರಡನೆಯದು, ಒಳಗೆ ಒಣಗಿದ ಕಂಡೆನ್ಸರ್‌ಗಳು. ತೆರೆಯ ನಡುವೆ ಒಂದೇ ಒಂದು ಬೆಳ್ಳಿಗೆರೆ ಉಳಿದಿದ್ದರೆ ಕಿರಣವನ್ನು ಮೇಲೆ ಕೆಳಗೆ ಆಡಿಸುವ ಭಾಗ ಕೆಟ್ಟಿದೆಯೆಂದರ್ಥ. ಕೂಡಲೇ ಬೆಳಕು ತಗ್ಗಿಸದಿದ್ದರೆ ಆ ಗೆರೆ ತೆರೆಯನ್ನೇ ಸುಡುತ್ತದೆ.

ಎಲ್ಲ ವಿಚಿತ್ರವೂ ರೋಗವಲ್ಲ. 1978ರ ‘ಸ್ಪೇಸ್ ಇನ್‌ವೇಡರ್ಸ್’ನ ಆರಂಭದ ಯಂತ್ರಗಳಲ್ಲಿ ತೆರೆ ಕಪ್ಪು-ಬಿಳುಪು, ಬಣ್ಣ ಬರುತ್ತಿದ್ದುದು ಮೇಲೆ ಅಂಟಿಸಿದ ಬಣ್ಣದ ಪಟ್ಟಿಗಳಿಂದ. ಅವು ಹರಿದಿದ್ದರೆ ಬೆಸುಗೆ ಹಾಕುವವನೇನು ಮಾಡಿಯಾನು? ‘ಪ್ಯಾಕ್‌ಮ್ಯಾನ್’ ಪೆಟ್ಟಿಗೆಗಳಲ್ಲಿ ಯಂತ್ರ ಆರಿಸಿದರೂ ಚಕ್ರವ್ಯೂಹದ ಮಸುಕು ಗೆರೆಗಳು ಕಾಣುವುದುಂಟು. ವರ್ಷಗಟ್ಟಲೆ ಅದೇ ಚಿತ್ರ ಬೆಳಗಿ ಗಾಜಿನ ಒಳಲೇಪ ಸವೆದ ಗುರುತು ಅದು. ಅದಕ್ಕೆ ಔಷಧವಿಲ್ಲ, ಟ್ಯೂಬನ್ನೇ ಬದಲಿಸಬೇಕು.

ಕಷ್ಟವಿರುವುದು ಇಲ್ಲೇ. ಎಲ್‌ಸಿಡಿ ಬಂದ ಮೇಲೆ ದೊಡ್ಡ ಕಾರ್ಖಾನೆಗಳು ಪಿಕ್ಚರ್ ಟ್ಯೂಬ್ ತಯಾರಿಕೆ ನಿಲ್ಲಿಸಿದವು. ಉಳಿದಿರುವ ದಾರಿ ಗುಜರಿ ಅಂಗಡಿಗೆ ಬಂದ ಹಳೆಯ ಟಿವಿ. ಅಳತೆ, ಕುತ್ತಿಗೆಯ ದಪ್ಪ, ಪಿನ್ನುಗಳ ಜೋಡಣೆ ಹೊಂದಿದರೆ ಅದರ ಟ್ಯೂಬನ್ನು ಆಟದ ಪೆಟ್ಟಿಗೆಗೆ ಕೂರಿಸಬಹುದು. ಆದರೆ ಬಣ್ಣದ ಟ್ಯೂಬಿಗೆ 20,000 ವೋಲ್ಟ್ ಆಸುಪಾಸಿನ ವಿದ್ಯುತ್ ಹರಿಯುತ್ತದೆ. ಪ್ಲಗ್ ಕಿತ್ತ ಮೇಲೂ ಗಾಜಿನಲ್ಲಿ ಅದು ಉಳಿದಿರಬಹುದು. ಅದನ್ನು ಕ್ರಮಬದ್ಧವಾಗಿ ಇಳಿಸಲು ಬಲ್ಲ ಹಿರಿಯ ಮೆಕ್ಯಾನಿಕ್ ಪಕ್ಕದಲ್ಲಿಲ್ಲದೆ ಹಿಂಬದಿಯ ಮುಚ್ಚಳ ತೆಗೆಯಬಾರದು.