ಉಣ್ಣೆ, ಮಂಜು ಮತ್ತು ಚಿಕೋರಿ

‘ಪುಲ್ ದ ವುಲ್ ಓವರ್ ಸಮ್‌ಒನ್ಸ್ ಐಸ್’ ಎಂಬ ಇಂಗ್ಲಿಷ್ ನುಡಿಗಟ್ಟನ್ನು ವಾಕ್ಯದಲ್ಲಿ ಪ್ರಯೋಗಿಸಲು ಹೇಳಿದರೆ, ಸಕಲೇಶಪುರ-ಆಲೂರು ಕಡೆಯ ಮಕ್ಕಳಿಗೆ ಮಳೆಗಾಲದ ಕಂಬಳಿ ನೆನಪಾಗುತ್ತಿತ್ತು. ‘ಮಳೆ ಬಂದುದರಿಂದ ಅಪ್ಪ ಕಣ್ಣಿನವರೆಗೆ ಉಣ್ಣೆ ಎಳೆದುಕೊಂಡರು’ ಎಂದು ಬರೆದವರೂ ಉಂಟು! ಇದರ ಅರ್ಥ ನಮ್ಮ ‘ಕಣ್ಣಿಗೆ ಮಣ್ಣೆರಚು’ ಎಂಬುದಕ್ಕೆ ಸಮೀಪವಾದುದು. ಬುದ್ಧಿಪೂರ್ವಕವಾಗಿ ವಂಚಿಸುವ ಉದ್ದೇಶವೇ ಅದರ ಜೀವಾಳ.

ಮರೆಯಾಗುವುದು ಬೇರೆ, ಮರೆಮಾಚುವುದು ಬೇರೆ. ಟಿಪ್ಪು ಸುಲ್ತಾನನು 1792ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಕೋಟೆಗೆ, ಮಂಜು ಕವಿದಿದ್ದ ಕಾರಣ ಮಂಜರಾಬಾದ್ ಎಂಬ ಹೆಸರು ಬಂದಿತೆಂಬ ಪ್ರತೀತಿಯಿದೆ. ಆ ಮಂಜು ಕೋಟೆಯನ್ನೇ ಮುಚ್ಚಿಬಿಟ್ಟರೂ ಯಾರನ್ನೂ ವಂಚಿಸುವುದಿಲ್ಲ; ಅದಕ್ಕೆ ಉದ್ದೇಶವೆಂಬುದಿಲ್ಲ.

ಉದ್ದೇಶವುಳ್ಳ ವಂಚನೆಯ ಉದಾಹರಣೆಯೊಂದು ನಮ್ಮ ಬೆಟ್ಟಗಳ ಬೆಳೆಯಾದ ಕಾಫಿಯ ಚರಿತ್ರೆಯಲ್ಲಿಯೇ ದೊರೆಯುತ್ತದೆ. ಆರ್. ಎಚ್. ಎಲಿಯಟ್ ಎಂಬ ಆಂಗ್ಲ ತೋಟಗಾರರು 1850ರ ದಶಕದಲ್ಲಿ ಮಂಜರಾಬಾದ್ ಸೀಮೆಯಲ್ಲಿ ಕಾಫಿ ಕೃಷಿಗೆ ತೊಡಗಿದರು. ಅದೇ ಕಾಲದಲ್ಲಿ ಲಂಡನ್ನಿನ ಅಂಗಡಿಗಳಲ್ಲಿ, ಹುರಿದ ಚಿಕೋರಿ ಬೇರಿನ ಪುಡಿಯನ್ನು ಬೆರೆಸಿ ಅಪ್ಪಟ ಕಾಫಿಯೆಂದು ಮಾರುತ್ತಿದ್ದರು. ಈ ಬೆರಕೆಯನ್ನು ಕಂಡುಹಿಡಿಯಲಾಗದೆಂದು, ತಜ್ಞರ ಮಾತನ್ನು ನಂಬಿ, ಹಣಕಾಸು ಸಚಿವ ಚಾರ್ಲ್ಸ್ ವುಡ್ ಪಾರ್ಲಿಮೆಂಟಿನಲ್ಲಿ ಹೇಳಿದ್ದರು. ಆದರೆ ವೈದ್ಯರಾದ ಆರ್ಥರ್ ಹಿಲ್ ಹಸ್ಸಾಲ್ ಸೂಕ್ಷ್ಮದರ್ಶಕದಲ್ಲಿ ಚಿಕೋರಿಯ ಕಣಗಳನ್ನು ಗುರುತಿಸಿದರು. 1851ರಿಂದ 1854ರವರೆಗೆ ‘ಲ್ಯಾನ್ಸೆಟ್’ ಪತ್ರಿಕೆ ಅವರ ಆಹಾರ ಪರೀಕ್ಷೆಗಳ ವರದಿಗಳನ್ನು, ವರ್ತಕರ ಹೆಸರುಗಳ ಸಹಿತ, ಪ್ರಕಟಿಸಿತು. 1860ರಲ್ಲಿ ಬ್ರಿಟನ್ನಿನಲ್ಲಿ ಕಲಬೆರಕೆ ತಡೆ ಕಾಯಿದೆ ಜಾರಿಗೆ ಬಂದಿತು.

ಚಿಕೋರಿ ವಿಷವಲ್ಲ; ಅದರ ಕಡುಬಣ್ಣವನ್ನೂ ಕಹಿಯನ್ನೂ ಮೆಚ್ಚುವವರು ನಮ್ಮ ಮನೆಗಳಲ್ಲಿಯೇ ಇದ್ದಾರೆ. ನಮ್ಮ ದೇಶದ ನಿಯಮದಂತೆ ಚಿಕೋರಿ ಮಿಶ್ರಿತ ಪುಡಿಯಲ್ಲಿ ಕಾಫಿ ಶೇ. 51ಕ್ಕೆ ಕಡಿಮೆಯಿರಕೂಡದು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ನಮೂದಿಸಬೇಕು. ನಮೂದಿಸಿ ಮಾರಿದರೆ ಅದು ರುಚಿಯ ವಿಷಯ. ಅದೇ ಪುಡಿಯನ್ನು ಅಪ್ಪಟ ಕಾಫಿಯೆಂದು ಮಾರಿದರೆ ಕಣ್ಣಿಗೆ ಮಣ್ಣೆರಚಿದಂತೆ. ಆಗ ಮೋಸಹೋಗುವವನು ಗ್ರಾಹಕನೊಬ್ಬನೇ ಅಲ್ಲ. ವರ್ಷವಿಡೀ ತೋಟದಲ್ಲಿ ದುಡಿದವರ ಶ್ರಮದ ಬೆಲೆಯೂ ಬೇರಿನ ಪುಡಿಯ ಪಾಲಾಗುತ್ತದೆ.

ಹಸ್ಸಾಲರ ಸೂಕ್ಷ್ಮದರ್ಶಕ ನಮ್ಮಲ್ಲಿಲ್ಲದಿದ್ದರೂ ಚಿಂತೆಯಿಲ್ಲ. ಗಾಜಿನ ಲೋಟದ ತಣ್ಣೀರಿನ ಮೇಲೆ ಚಿಟಿಕೆ ಪುಡಿ ಉದುರಿಸಿ ನೋಡಿರಿ. ಕಾಫಿ ತೇಲುತ್ತದೆ, ಚಿಕೋರಿ ಕೆಲವೇ ಕ್ಷಣಗಳಲ್ಲಿ ಕಂದು ಗೆರೆ ಎಳೆಯುತ್ತ ತಳಕ್ಕಿಳಿಯುತ್ತದೆ. ಬಳಿಕ ಪೊಟ್ಟಣದ ಮೇಲಿನ ಬರಹವನ್ನು ಓದಿರಿ. ಎರಡೂ ಹೊಂದಿಕೆಯಾದರೆ ನೆಮ್ಮದಿಯಿಂದ ಕಾಫಿ ಕುಡಿಯಿರಿ.