ಮನೆಮನೆಯಲ್ಲಿ ಮರ್ಸೆನ್ ಸಂಖ್ಯೆಗಳ ಬೇಟೆ

ದೊಡ್ಡ ಅವಿಭಾಜ್ಯ ಸಂಖ್ಯೆಗಳ ಬೇಟೆ ತಪ್ಪು ಪಟ್ಟಿಯೊಂದರ ಹೆಸರಲ್ಲಿ ನಡೆದುಬಂದಿದೆ. 2ನ್ನು 2ರಿಂದಲೇ ಮತ್ತೆ ಮತ್ತೆ ಗುಣಿಸಿ, ಕೊನೆಗೆ 1 ಕಳೆದರೆ 3, 7, 31, 127ರಂಥ ಅವಿಭಾಜ್ಯಗಳು ಕೆಲವೊಮ್ಮೆ ಸಿಗುತ್ತವೆ. 257ರವರೆಗಿನ ಯಾವ ಯಾವ ಘಾತಗಳಿಗೆ ಹೀಗಾಗುತ್ತದೆ ಎಂದು ಫ್ರಾನ್ಸಿನ ಪಾದ್ರಿ ಮರ್ಸೆನ್ 1644ರಲ್ಲಿ ಪಟ್ಟಿ ಕೊಟ್ಟ. ಅದರಲ್ಲಿ 67 ಮತ್ತು 257 ಇರಬಾರದಿತ್ತು. 61, 89, 107 ಬಿಟ್ಟುಹೋಗಿದ್ದವು. ಇದನ್ನು ಪೂರ್ತಿ ತಿದ್ದಲು ಸುಮಾರು ಮುನ್ನೂರು ವರ್ಷ ಹಿಡಿಯಿತು. ಹೆಸರು ಮಾತ್ರ ಮರ್ಸೆನ್‌ನದೇ ಉಳಿಯಿತು.

1876ರಲ್ಲಿ ಲ್ಯೂಕಾ ಎಂಬ ಫ್ರೆಂಚ್ ಗಣಿತಜ್ಞ 127ನೇ ಘಾತದ 39 ಅಂಕಿಗಳ ಸಂಖ್ಯೆ ಅವಿಭಾಜ್ಯವೆಂದು ಕೈಲೆಕ್ಕದಲ್ಲೇ ಸಾಧಿಸಿದ. ಅದಕ್ಕೆ ಅವನು ಬಳಸಿದ, ಮುಂದೆ ಅಮೆರಿಕದ ಲೆಹ್ಮರ್ ಸರಳಗೊಳಿಸಿದ ಪರೀಕ್ಷೆ ಹೀಗಿದೆ: 4ರಿಂದ ಆರಂಭಿಸಿ, ವರ್ಗ ಮಾಡಿ 2 ಕಳೆದು, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಬೇಕು, ಆ ಶೇಷಕ್ಕೆ ಮತ್ತೆ ಅದೇ ಕ್ರಮ. ಘಾತಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಶೇಷ ಸೊನ್ನೆಯಾದರೆ ಸಂಖ್ಯೆ ಅವಿಭಾಜ್ಯ. ಬುದ್ಧಿಗಿಂತ ತಾಳ್ಮೆ ಬೇಡುವ ಈ ಕೆಲಸ ಯಂತ್ರಕ್ಕೆ ಹೇಳಿ ಮಾಡಿಸಿದಂಥದ್ದು. 1952ರಲ್ಲಿ ಗಣಿತಜ್ಞ ರಾಬಿನ್ಸನ್ ಅದನ್ನು ಲಾಸ್ ಏಂಜಲೀಸಿನ ಸ್ವ್ಯಾಕ್ ಕಂಪ್ಯೂಟರಿಗೆ ಒಪ್ಪಿಸಿ, ಒಂದೇ ವರ್ಷದಲ್ಲಿ ಐದು ಹೊಸ ಸಂಖ್ಯೆ ಪಡೆದ. 1963ರಲ್ಲಿ ತನ್ನಲ್ಲೇ ಸಿಕ್ಕ ಇಂಥ ಅವಿಭಾಜ್ಯದ ಹೆಮ್ಮೆಯನ್ನು ಇಲಿನಾಯ್ ವಿಶ್ವವಿದ್ಯಾಲಯ ತನ್ನ ಅಂಚೆ ಮುದ್ರೆಯಲ್ಲೇ ಒತ್ತಿ ಕಳಿಸಿತು. 1980ರ ದಶಕದಲ್ಲಿ ದಾಖಲೆಗಳು ಬಹುಮಟ್ಟಿಗೆ ಕ್ರೇ ಸೂಪರ್‌ಕಂಪ್ಯೂಟರುಗಳ ಪಾಲಾದವು.

ಈ ಏಕಸ್ವಾಮ್ಯ ಮುರಿದದ್ದು ಜಾರ್ಜ್ ವೋಲ್ಟ್‌ಮನ್ 1996ರಲ್ಲಿ ಆರಂಭಿಸಿದ ‘ಗಿಂಪ್ಸ್’ ಯೋಜನೆ. ಮನೆಯ ಕಂಪ್ಯೂಟರ್ ಸುಮ್ಮನಿರುವ ಹೊತ್ತಿನಲ್ಲಿ ಲೆಕ್ಕ ಹಾಕುವ ತಂತ್ರಾಂಶವನ್ನು ಆತ ಉಚಿತವಾಗಿ ಹಂಚಿದ. ಅದೇ ವರ್ಷದ ನವೆಂಬರಿನಲ್ಲಿ ಫ್ರಾನ್ಸಿನ ಸ್ವಯಂಸೇವಕನೊಬ್ಬನಿಗೆ 4,20,921 ಅಂಕಿಗಳ ಅವಿಭಾಜ್ಯ ಸಿಕ್ಕಿತು. ಮರುವರ್ಷದಿಂದ ಯಾರಿಗೆ ಯಾವ ಘಾತ ಎಂದು ಹಂಚಿಕೊಡಲು ಸರ್ವರ್ ಬಂತು. ಬಹುತೇಕ ಎಲ್ಲರಿಗೂ ವಾರಗಟ್ಟಲೆ ದುಡಿದ ಮೇಲೆ ಸಿಗುವ ಉತ್ತರ ‘ಅಲ್ಲ’ ಎಂಬುದೇ. ಆದರೂ ಅದನ್ನು ಬರೆದಿಡಬೇಕು, ಇನ್ನೊಂದು ಯಂತ್ರದಲ್ಲಿ ತಾಳೆ ನೋಡಬೇಕು. ಮೆಮೊರಿಯ ಒಂದು ಸಣ್ಣ ದೋಷ ಇಡೀ ಲೆಕ್ಕವನ್ನೇ ಕೆಡಿಸಬಲ್ಲದು. ಹೀಗಾಗಿಯೇ ಈ ತಂತ್ರಾಂಶ ಹೊಸ ಕಂಪ್ಯೂಟರುಗಳ ಗಟ್ಟಿತನ ಪರೀಕ್ಷಿಸುವ ಒರೆಗಲ್ಲೂ ಆಯಿತು.

ಬಹುಮಾನವೂ ಉಂಟು: ಹತ್ತು ಲಕ್ಷ ಅಂಕಿ ದಾಟಿದ 1999ರ ಸಂಖ್ಯೆಗೆ 50,000 ಡಾಲರ್, ಕೋಟಿ ದಾಟಿದ 2008ರ ಸಂಖ್ಯೆಗೆ ಒಂದು ಲಕ್ಷ ಡಾಲರ್ ಸಂದವು. ಮಿಸೌರಿಯ ಪ್ರಾಧ್ಯಾಪಕ ಕರ್ಟಿಸ್ ಕೂಪರ್ ಅವರ ಪ್ರಕರಣ ಇನ್ನೂ ಸ್ವಾರಸ್ಯಕರ. ಅವರ ಯಂತ್ರವೊಂದು 2015ರ ಸೆಪ್ಟೆಂಬರಿನಲ್ಲೇ ಹೊಸ ಅವಿಭಾಜ್ಯವನ್ನು ವರದಿ ಮಾಡಿದ್ದರೂ ಅದು ಯಾರ ಗಮನಕ್ಕೂ ಬರಲಿಲ್ಲ. ಮನುಷ್ಯರ ಕಣ್ಣಿಗೆ ಬಿದ್ದ ದಿನವೇ ಶೋಧದ ದಿನವೆಂಬ ರೂಢಿಯಂತೆ ಅದಕ್ಕೆ 2016ರ ಜನವರಿ 7ರ ತಾರೀಖು ಬಿತ್ತು.

2024ರ ಅಕ್ಟೋಬರಿನಲ್ಲಿ ಲ್ಯೂಕ್ ಡ್ಯುರಾಂಟ್ ಎಂಬ ಸ್ವಯಂಸೇವಕ 4,10,24,320 ಅಂಕಿಗಳ, ಮರ್ಸೆನ್ ಬಗೆಯಲ್ಲಿ ಗೊತ್ತಾದ 52ನೇ ಅವಿಭಾಜ್ಯವನ್ನು ಹಿಡಿದ. ಈ ಬಾರಿ ಲೆಕ್ಕ ನಡೆದದ್ದು 17 ದೇಶಗಳ ದತ್ತಾಂಶ ಕೇಂದ್ರಗಳಲ್ಲಿ ಹರಡಿದ್ದ ಗ್ರಾಫಿಕ್ಸ್ ಪ್ರೊಸೆಸರುಗಳ ಮೇಲೆ. ಸಂಖ್ಯೆ ಮೊದಲು ಸಿಕ್ಕಿದ್ದು ಡಬ್ಲಿನ್‌ನಲ್ಲಿ, ಮರುದಿನ ಖಚಿತವಾದದ್ದು ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ. ಗಿಂಪ್ಸ್‌ನ ದಾಖಲೆಗಳಲ್ಲಿ ಸಾಮಾನ್ಯ ಕಂಪ್ಯೂಟರುಗಳ 28 ವರ್ಷಗಳ ಪಾರುಪತ್ಯ ಅಲ್ಲಿಗೆ ಮುಗಿಯಿತು.